ಮೊದಲು ಕರಾರು, ಆಮೇಲೆ ಆಟ

‘ಮೊದಲು ಕೆಲಸ ಕಲಿಯಮ್ಮ, ಸಂಬಳದ ಮಾತು ಆಮೇಲೆ ನೋಡೋಣ.’ ಪದವಿ ಮುಗಿಸಿ ಕೆಲಸ ಹುಡುಕುತ್ತಿರುವ ನಮ್ಮಂಥವರು ಈ ಮಾತನ್ನು ಎಲ್ಲಾದರೊಂದು ಕಡೆ ಕೇಳಿಯೇ ಇರುತ್ತೇವೆ. ನಾನೂ ಒಂದು ಕಚೇರಿಯಲ್ಲಿ ಐದು ತಿಂಗಳು ಇಂಟರ್ನ್ ಆಗಿದ್ದೆ. ನೇಮಕದ ಪತ್ರ ಅವರು ಕೊಡಲಿಲ್ಲ, ನಾನು ಕೇಳಲೂ ಇಲ್ಲ. ಕೇಳಿದರೆ ಇರುವ ಅವಕಾಶವೂ ಕೈತಪ್ಪೀತು ಎಂಬ ಭಯ. ಕೊನೆಗೆ ಸಿಕ್ಕಿದ್ದು ಒಂದು ಪ್ರಮಾಣಪತ್ರ. ನಾನು ಬಿಟ್ಟ ಮಾರನೆಯ ವಾರ ಅದೇ ಕುರ್ಚಿಗೆ ಇನ್ನೊಬ್ಬ ಹುಡುಗಿ ಬಂದಳು. ಅವಳಿಗೂ ಸಂಬಳವಿಲ್ಲ. ಗೊತ್ತಿದ್ದೂ ನಾನು ಅವಳಿಗೆ ಒಂದು ಮಾತು ಹೇಳಲಿಲ್ಲ.

ಆ ದಿನಗಳಲ್ಲಿಯೇ, ನಾನು ಒಮ್ಮೆಯೂ ಎದುರಿಗೆ ನಿಂತು ನೋಡಿರದ ಆಟವೊಂದರ ಕಥೆ ಓದಿದೆ. ಅದು ಉತ್ತರ ಅಮೆರಿಕದ ಮಹಿಳೆಯರ ಐಸ್ ಹಾಕಿ. ಮಂಜುಗಡ್ಡೆಯ ಅಂಗಳದಲ್ಲಿ ಸ್ಕೇಟ್ ತೊಟ್ಟು ಜಾರುತ್ತಾ, ಚೆಂಡಿನ ಬದಲು ‘ಪಕ್’ ಎಂಬ ಚಪ್ಪಟೆ ರಬ್ಬರ್ ಬಿಲ್ಲೆಯನ್ನು ಕೋಲಿನಿಂದ ಹೊಡೆಯುವ ಆಟ. ಅಲ್ಲಿನ ಪ್ರೊಫೆಷನಲ್ ವಿಮೆನ್ಸ್ ಹಾಕಿ ಲೀಗ್ ಬೆಳೆದ ಬಗೆ ನಮ್ಮಂಥ ಉದ್ಯೋಗಾಕಾಂಕ್ಷಿಗಳು ತಿಳಿಯಬೇಕಾದದ್ದು.

ಪುರುಷರ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ಅವರ ನ್ಯಾಷನಲ್ ಹಾಕಿ ಲೀಗ್ ಹುಟ್ಟಿದ್ದು 1917ರಲ್ಲಿ, ಕೆನಡಾದ ಮಾಂಟ್ರಿಯಲ್‌ನಲ್ಲಿ. 1924-25ರ ಋತುವಿನಲ್ಲಿ ಪಂದ್ಯಗಳ ಸಂಖ್ಯೆ 24ರಿಂದ 30ಕ್ಕೆ ಏರಿತು, ಸಂಬಳ ಏರಲಿಲ್ಲ. ಆ ವರ್ಷ ಮೊದಲ ಸ್ಥಾನದಲ್ಲಿದ್ದ ಹ್ಯಾಮಿಲ್ಟನ್ ಟೈಗರ್ಸ್ ಆಟಗಾರರು ತಲಾ 200 ಡಾಲರ್ ಹೆಚ್ಚು ಕೊಡದಿದ್ದರೆ ಮುಂದಿನ ಪಂದ್ಯ ಆಡುವುದಿಲ್ಲ ಎಂದರು. ಲೀಗ್ ಅವರನ್ನು ಅಮಾನತು ಮಾಡಿತು. ಆಟಗಾರರು ನ್ಯೂಯಾರ್ಕಿನ ಹೊಸ ತಂಡದ ಪಾಲಾದರು, ಹ್ಯಾಮಿಲ್ಟನ್ ತಂಡವೇ ಇಲ್ಲವಾಯಿತು. 1957ರಲ್ಲಿ ಡೆಟ್ರಾಯಿಟ್‌ನ ತಾರೆ ಟೆಡ್ ಲಿಂಡ್ಸೆ ಸಂಘ ಕಟ್ಟಲು ಹೊರಟಾಗ ಅವರನ್ನು ಶಿಕಾಗೊ ತಂಡಕ್ಕೆ ಸಾಗಹಾಕಿದರು. ಆಟಗಾರರ ಸಂಘ ಗಟ್ಟಿಯಾಗಿ ನೆಲೆಯೂರಿದ್ದು 1967ರಲ್ಲಿ. ಅಂದರೆ ಲೀಗ್ ಹುಟ್ಟಿ ಐವತ್ತು ವರ್ಷಗಳ ನಂತರ.

ಮಹಿಳೆಯರಿಗೆ ಸಂಬಳದ ಮಾತೇ ಇರಲಿಲ್ಲ. 2007ರಲ್ಲಿ ಆರಂಭವಾದ ಕೆನಡಾದ ಮಹಿಳಾ ಲೀಗ್ ಹತ್ತು ವರ್ಷ ಸಂಬಳವನ್ನೇ ಕೊಡಲಿಲ್ಲ. ಹಗಲು ಬೇರೆ ಕೆಲಸ, ರಾತ್ರಿ ಅಭ್ಯಾಸ. 2017ರಲ್ಲಿ ಕೊಡಲು ಶುರು ಮಾಡಿದಾಗ ಇಡೀ ಋತುವಿಗೆ 2,000ದಿಂದ 10,000 ಕೆನಡಿಯನ್ ಡಾಲರ್. ಕೆಳಗಿನ ಮೊತ್ತ ನಮ್ಮ ಲೆಕ್ಕದಲ್ಲಿ ಸುಮಾರು ಒಂದು ಲಕ್ಷ ರೂಪಾಯಿ. ಅಮೆರಿಕದಲ್ಲಿ 2015ರಲ್ಲಿ ಬಂದ ಇನ್ನೊಂದು ಲೀಗ್ ಮೊದಲ ದಿನದಿಂದಲೇ ಸಂಬಳ ಕೊಟ್ಟಿತು ನಿಜ. ಆದರೆ ಎರಡನೆಯ ಋತುವಿನ ನಡುವೆಯೇ ಅದನ್ನು ಅರ್ಧದಷ್ಟು ಕಡಿತ ಮಾಡಿತು. ‘ಆಟ ಬೆಳೆಯಲಿ, ಹಣ ತಾನಾಗಿ ಬರುತ್ತದೆ’ ಎಂಬ ಸಮಾಧಾನ ಎರಡೂ ಕಡೆ ಇತ್ತು. ಹಾಗೆ ಆಗಲಿಲ್ಲ. 2019ರಲ್ಲಿ ಕೆನಡಾದ ಲೀಗ್ ಬಾಗಿಲು ಮುಚ್ಚಿತು.

ಇದಕ್ಕೂ ಎರಡು ವರ್ಷ ಹಿಂದೆ, 2017ರ ಮಾರ್ಚ್‌ನಲ್ಲಿ, ನನಗೆ ಬಹಳ ಹಿಡಿಸಿದ ಘಟನೆಯೊಂದು ನಡೆದಿತ್ತು. ಅಮೆರಿಕದ ರಾಷ್ಟ್ರೀಯ ತಂಡದ ಮಹಿಳೆಯರಿಗೆ ಹಾಕಿ ಸಂಸ್ಥೆ ಕೊಡುತ್ತಿದ್ದದ್ದು ತಿಂಗಳಿಗೆ 1,000 ಡಾಲರ್, ಅದೂ ಒಲಿಂಪಿಕ್ಸ್ ಆಸುಪಾಸಿನ ಆರು ತಿಂಗಳು ಮಾತ್ರ. ನ್ಯಾಯವಾದ ಒಪ್ಪಂದವಿಲ್ಲದೆ ತಮ್ಮ ದೇಶದಲ್ಲೇ ನಡೆಯಲಿದ್ದ ವಿಶ್ವ ಚಾಂಪಿಯನ್‌ಷಿಪ್ ಆಡುವುದಿಲ್ಲ ಎಂದು ಅವರು ಪಟ್ಟು ಹಿಡಿದರು. ಸಂಸ್ಥೆ ಬದಲಿ ಆಟಗಾರ್ತಿಯರನ್ನು ಹುಡುಕತೊಡಗಿತು. ಕಾಲೇಜು ಹುಡುಗಿಯರಿಗೆ ಕರೆ ಹೋಯಿತು, ಹದಿನೆಂಟು ದಾಟದವರಿಗೂ ಹೋಯಿತು. ದೇಶದ ಅಂಗಿ ತೊಡುವ ಕನಸು ಯಾರಿಗಿಲ್ಲ? ಆದರೂ ಅವರು ಒಬ್ಬೊಬ್ಬರಾಗಿ ‘ಅಕ್ಕಂದಿರ ಜಾಗಕ್ಕೆ ನಾವು ಬರುವುದಿಲ್ಲ’ ಎಂದು ಹಿಂದೆ ಸರಿದರು. ಟೂರ್ನಿಗೆ ಮೂರು ದಿನ ಇರುವಾಗ ಸಂಸ್ಥೆ ಒಪ್ಪಂದಕ್ಕೆ ಬಂತು. ಮುಷ್ಕರ ಹೂಡಿದ್ದ ಅದೇ ತಂಡ ಚಿನ್ನ ಗೆದ್ದಿತು.

ಆ ಪಾಠ ವ್ಯರ್ಥವಾಗಲಿಲ್ಲ. 2019ರ ಮೇ ತಿಂಗಳಲ್ಲಿ ಇನ್ನೂರಕ್ಕೂ ಹೆಚ್ಚು ಆಟಗಾರ್ತಿಯರು, ಬದುಕಲು ಸಾಕಾಗುವ ಸಂಬಳ ಮತ್ತು ಆರೋಗ್ಯ ವಿಮೆ ಕೊಡದ ಯಾವ ಲೀಗಿನಲ್ಲೂ ಉತ್ತರ ಅಮೆರಿಕದಲ್ಲಿ ಆಡುವುದಿಲ್ಲ ಎಂದು ಘೋಷಿಸಿ ಸಂಘ ಕಟ್ಟಿದರು. ನಾಲ್ಕು ವರ್ಷ ಊರೂರಿಗೆ ಹೋಗಿ ಪ್ರದರ್ಶನ ಪಂದ್ಯ ಆಡುತ್ತಾ ಆಟ ಮರೆಯದಂತೆ ನೋಡಿಕೊಂಡರು. ಲಾಸ್ ಏಂಜಲೀಸ್‌ನ ಬೇಸ್‌ಬಾಲ್ ತಂಡದ ಒಡೆಯ ಮಾರ್ಕ್ ವಾಲ್ಟರ್ ಮತ್ತು ಟೆನಿಸ್ ತಾರೆ ಬಿಲ್ಲಿ ಜೀನ್ ಕಿಂಗ್ ಹಣ ಮತ್ತು ಬೆಂಬಲದೊಂದಿಗೆ ಮುಂದೆ ಬಂದರು. 1970ರಲ್ಲಿ ಒಂದು ಡಾಲರ್‌ನ ಕರಾರಿಗೆ ಸಹಿ ಹಾಕಿ ಮಹಿಳಾ ಟೆನಿಸ್‌ಗೆ ಬೇರೆಯೇ ದಾರಿ ತೆರೆದ ಒಂಬತ್ತು ಮಂದಿಯಲ್ಲಿ ಕಿಂಗ್ ಒಬ್ಬರು.

2023ರ ಜುಲೈನಲ್ಲಿ ಹೊಸ ಲೀಗಿನ ಸಾಮೂಹಿಕ ಒಪ್ಪಂದಕ್ಕೆ ಆಟಗಾರ್ತಿಯರು ಮತ ಹಾಕಿ ಒಪ್ಪಿಗೆ ಕೊಟ್ಟಾಗ, ತಂಡಗಳು ಯಾವ ಊರಿನವು ಎಂಬುದೂ ಪ್ರಕಟವಾಗಿರಲಿಲ್ಲ. ಕನಿಷ್ಠ ಸಂಬಳ 35,000 ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 29 ಲಕ್ಷ ರೂಪಾಯಿ. ಪ್ರತಿ ತಂಡದಲ್ಲೂ ಕನಿಷ್ಠ ಆರು ಮಂದಿಗೆ 80,000 ಡಾಲರ್‌ಗೆ ಕಡಿಮೆಯಿಲ್ಲದ ಮೂರು ವರ್ಷದ ಕರಾರು. ವಿಮೆ, ಮನೆ ಬಾಡಿಗೆಗೆ ನೆರವು, ಹೆರಿಗೆಯ ಸವಲತ್ತು ಎಲ್ಲವೂ ಬರಹದಲ್ಲಿ. ಒಪ್ಪಂದದ ಅವಧಿ 2031ರವರೆಗೆ. ಸಂಘದ ಮುಂಚೂಣಿಯಲ್ಲಿದ್ದ ಕೆಂಡಲ್ ಕಾಯ್ನ್ ಸ್ಕೋಫೀಲ್ಡ್ ಅದೇ ಜುಲೈನಲ್ಲಿ ತಾಯಿಯಾದರು. ಜನವರಿಯಲ್ಲಿ ಮಿನ್ನೆಸೋಟ ತಂಡದ ನಾಯಕಿಯಾಗಿ ಅಂಗಳಕ್ಕಿಳಿದು, ಮೇ ಕೊನೆಯಲ್ಲಿ ಮೊದಲ ವಾಲ್ಟರ್ ಕಪ್ ಎತ್ತಿದರು.

ಮೊದಲ ಪಂದ್ಯ ನಡೆದದ್ದು 2024ರ ಜನವರಿ 1ರಂದು ಟೊರಾಂಟೊದಲ್ಲಿ. ತಂಡಗಳಿಗೆ ಆಗ ಊರಿನ ಹೆಸರು ಬಿಟ್ಟರೆ ಬೇರೆ ಹೆಸರೂ ಇರಲಿಲ್ಲ. ಆದರೂ ಜನ ಬಂದರು. ಏಪ್ರಿಲ್‌ನಲ್ಲಿ ಮಾಂಟ್ರಿಯಲ್‌ನ ಒಂದು ಪಂದ್ಯಕ್ಕೆ 21,105 ಪ್ರೇಕ್ಷಕರು ಸೇರಿದರು, ಮಹಿಳಾ ಹಾಕಿಯಲ್ಲಿ ಅಲ್ಲಿಯವರೆಗೆ ಅಷ್ಟು ಜನ ಸೇರಿರಲಿಲ್ಲ. ಎರಡನೆಯ ಋತುವಿನಲ್ಲಿ ತಂಡವೊಂದಕ್ಕೆ 24 ಇದ್ದ ಪಂದ್ಯಗಳು 30 ಆದವು. 2025-26ಕ್ಕೆ ಸಿಯಾಟಲ್ ಮತ್ತು ವ್ಯಾಂಕೂವರ್ ಸೇರಿ ಆರು ತಂಡಗಳು ಎಂಟಾದವು. ಸಂಬಳ ಕೊಟ್ಟರೆ ಆಟ ಉಳಿಯುವುದಿಲ್ಲ ಎಂದವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕೆ?

ಹಾಗೆಂದು ಇದನ್ನು ಬರೀ ಸಿಹಿ ಕಥೆ ಎಂದು ನಾನು ಹೇಳುತ್ತಿಲ್ಲ. ಹೊಸ ಲೀಗ್ ಕಟ್ಟಲು ಹಳೆಯ ಅಮೆರಿಕನ್ ಲೀಗನ್ನು ಕೊಂಡು ಮುಚ್ಚಲಾಯಿತು. ಅಲ್ಲಿ ಮುಂದಿನ ಋತುವಿಗೆ ಸಹಿ ಹಾಕಿದ್ದವರ ಕರಾರುಗಳು ರದ್ದಾದವು. ಅವರಲ್ಲಿ ಎಲ್ಲರಿಗೂ ಹೊಸ ತಂಡಗಳಲ್ಲಿ ಜಾಗ ಸಿಗಲಿಲ್ಲ. ಶ್ರೀಮಂತನೊಬ್ಬನ ಹಣವಿಲ್ಲದಿದ್ದರೆ ಇಷ್ಟು ಬೇಗ ಲೀಗ್ ಏಳುತ್ತಿರಲಿಲ್ಲ ಎಂಬುದೂ ನಿಜ. ನಾಲ್ಕು ವರ್ಷ ಕಾಯುವ ಶಕ್ತಿ ಒಲಿಂಪಿಕ್ ಪದಕ ಗೆದ್ದವರಿಗೆ ಇರಬಹುದು. ಮನೆಯಲ್ಲಿ ಸಾಲದ ಕಂತು ಕಾಯುತ್ತಿರುವ ನಮ್ಮಲ್ಲಿ ಎಷ್ಟು ಜನರಿಗಿದೆ? ಆದ್ದರಿಂದ ಸಿಕ್ಕ ಕೆಲಸ ಬಿಡಿ ಎಂದು ಯಾರಿಗೂ ಹೇಳುವ ಧೈರ್ಯ ನನಗಿಲ್ಲ.

ಆದರೆ ಕೇಳುವುದಕ್ಕೆ ಖರ್ಚಿಲ್ಲ. ಕೆಲಸದ ಅವಧಿ ಎಷ್ಟು, ಸ್ಟೈಪೆಂಡ್ ಎಷ್ಟು, ಯಾವ ತಾರೀಕಿಗೆ ಕೊಡುತ್ತೀರಿ, ಬರೆದು ಕೊಡುತ್ತೀರಾ ಎಂದು ವಿನಯದಿಂದಲೇ ಕೇಳಬಹುದು. ಆ ಕಚೇರಿ ಬಿಟ್ಟ ಮೇಲೆ ನಾನು ಎರಡು ಕಡೆ ಹೀಗೆ ಕೇಳಿದೆ. ಒಂದು ಕಡೆಯಿಂದ ಮತ್ತೆ ಫೋನ್ ಬರಲಿಲ್ಲ. ಇನ್ನೊಂದು ಕಡೆ, ಮೊತ್ತ ಚಿಕ್ಕದಾದರೂ, ಪತ್ರ ಕೊಟ್ಟರು.

ಇನ್ನೂ ಒಂದು ಕೆಲಸ ನಮ್ಮ ಕೈಯಲ್ಲಿದೆ. ಎಲ್ಲಿ ದುಡಿಸಿಕೊಂಡು ಹಣ ಕೊಡುವುದಿಲ್ಲವೋ ಆ ಜಾಗದ ಬಗ್ಗೆ ನಮ್ಮ ಕಾಲೇಜಿನ ಜೂನಿಯರ್‌ಗಳಿಗೆ, ಪಿ.ಜಿ.ಯ ಗೆಳತಿಯರಿಗೆ ತಿಳಿಸುವುದು. ನಮ್ಮ ಕುರ್ಚಿ ಖಾಲಿಯಾದ ಕೂಡಲೇ ಅದರಲ್ಲಿ ಕೂರಲು ಇನ್ನೊಬ್ಬರು ಸಿಗುತ್ತಾರೆ ಎಂಬ ನಂಬಿಕೆಯಿಂದಲೇ ಅಂಥ ಕಚೇರಿಗಳು ನಡೆಯುತ್ತಿವೆ. ಅಮೆರಿಕದ ಆ ಕಾಲೇಜು ಹುಡುಗಿಯರು ಮುರಿದದ್ದು ಅದೇ ನಂಬಿಕೆಯನ್ನು. ನನ್ನ ಜಾಗಕ್ಕೆ ಬಂದ ಹುಡುಗಿಗೆ ನಾನು ಅಂದು ಏನೂ ಹೇಳಲಿಲ್ಲ. ಈ ಬರಹ ಅವಳ ಕಣ್ಣಿಗೆ ಬಿದ್ದರೆ, ತಡವಾಗಿಯಾದರೂ ಹೇಳಿದಂತಾಗುತ್ತದೆ.