ಹೂಮಳೆಯ ಅನಂತರ

ಬಹುಕಾಲ ಸಂತಾನವಿಲ್ಲದೆ ನೊಂದು, ಬಂಧುಗಳ ಮದುವೆ ಮುಂಜಿಗಳಲ್ಲಿ ‘ಏನಾದರೂ ವಿಶೇಷವುಂಟೋ?’ ಎಂಬ ಪ್ರಶ್ನೆಗೆ ಉತ್ತರ ಹೇಳಲಾರದೆ ದಣಿದು, ಕಡೆಗೆ ದೂರದ ನಗರದ ಚಿಕಿತ್ಸಾಲಯವೊಂದಕ್ಕೆ ತಿಂಗಳಾನುಗಟ್ಟಲೆ ಅಲೆದು, ದಿನವೂ ಚುಚ್ಚುಮದ್ದಿನ ನೋವನ್ನುಂಡು, ಗರ್ಭಾಶಯದಲ್ಲಿ ಭ್ರೂಣವನ್ನಿರಿಸಿಕೊಂಡು ಊರಿಗೆ ಮರಳಿ, ಎರಡು ವಾರಗಳ ತರುವಾಯ ರಕ್ತಪರೀಕ್ಷೆಯಲ್ಲಿ ‘ಪಾಸಿಟಿವ್’ ಎಂಬ ವರದಿಯನ್ನು ಕೈಯಲ್ಲಿ ಹಿಡಿದ ಹೆಣ್ಣುಮಗಳೊಬ್ಬಳು, ಆ ರಾತ್ರಿ ಸಂತೃಪ್ತಿಯಿಂದ ನಿದ್ರೆಹೋಗಿರಬೇಕೆಂದು ನಾವೆಲ್ಲರೂ ಭಾವಿಸುತ್ತೇವೆ. ವಾಸ್ತವವಾಗಿ ಅನೇಕರಿಗೆ ಆ ರಾತ್ರಿಯಿಂದಲೇ ನಿದ್ರೆ ದೂರವಾಗುತ್ತದೆ. ಕಳೆದುಕೊಳ್ಳುವುದಕ್ಕೆ ಏನೂ ಇಲ್ಲದಿದ್ದ ಕಾಲದ ದುಃಖವು ಹೋಗಿ, ಕಳೆದುಕೊಳ್ಳಬಹುದಾದ ಒಂದು ಜೀವವು ಒಡಲಿನಲ್ಲಿರುವ ಕಾಲದ ಭಯವು ಅದರ ಸ್ಥಾನದಲ್ಲಿ ಬಂದು ಕೂರುತ್ತದೆ. ಈ ಭಯವನ್ನು ಕುರಿತು ನಮ್ಮ ಜಿಲ್ಲೆಯಲ್ಲಿ ಯಾರೂ ಬಾಯಿಬಿಟ್ಟು ಮಾತನಾಡುತ್ತಿಲ್ಲವೆಂಬುದೇ ಈ ಲೇಖನಕ್ಕೆ ಕಾರಣ.

ಮಡಿಕೇರಿಗೂ ಕುಶಾಲನಗರಕ್ಕೂ ನಡುವೆ ಹೆದ್ದಾರಿಯ ಮೇಲಿರುವ ನಮ್ಮ ಸುಂಟಿಕೊಪ್ಪವು, ಕನ್ನಡ, ಕೊಡವ, ಅರೆಭಾಷೆ, ಮಲಯಾಳ, ತುಳು, ತಮಿಳುಗಳೆಲ್ಲ ಒಂದೇ ಬೀದಿಯಲ್ಲಿ ಕೇಳಿಬರುವ, ಕಾಫಿ ತೋಟಗಳಿಂದ ಸುತ್ತುವರಿದ ಸಣ್ಣ ಊರು. ಇಲ್ಲಿ ಸರಕಾರಿ ಆಸ್ಪತ್ರೆಯುಂಟು. ಮಡಿಕೇರಿಯಲ್ಲಿ 2016ರಲ್ಲಿ ಆರಂಭವಾದ ವೈದ್ಯಕೀಯ ವಿಜ್ಞಾನ ಸಂಸ್ಥೆಯೂ ಅದರ ಬೋಧಕ ಆಸ್ಪತ್ರೆಯೂ ಉಂಟು. ಆದರೆ ಪ್ರನಾಳ ಶಿಶು ಚಿಕಿತ್ಸೆಯನ್ನು ಬಯಸುವ ದಂಪತಿಗಳು ಸಾಮಾನ್ಯವಾಗಿ ಘಟ್ಟವಿಳಿದು ಮಂಗಳೂರಿಗೋ, ಪಿರಿಯಾಪಟ್ಟಣ ಹುಣಸೂರುಗಳ ಮಾರ್ಗವಾಗಿ ಸುಮಾರು 100 ಕಿಲೋಮೀಟರು ಕ್ರಮಿಸಿ ಮೈಸೂರಿಗೋ, ಇನ್ನೂ ಮುಂದೆ ಬೆಂಗಳೂರಿಗೋ ಹೋಗಬೇಕಾಗುತ್ತದೆ. ಮುಂಜಾನೆಯ ಬಸ್ಸನ್ನು ಹತ್ತುವಾಗ ಪರಿಚಿತರಾರಾದರೂ ಎದುರಾದರೆ ‘ನೆಂಟರ ಮನೆಗೆ’ ಎಂದು ಹೇಳಿ ಮುಂದೆ ಸಾಗುತ್ತಾರೆ. ಚಿಕಿತ್ಸೆಯು ಫಲಿಸಿದ ಬಳಿಕ ಆ ನಗರದ ವೈದ್ಯರು ಕೆಲವು ವಾರಗಳ ಕಾಲ ನೋಡಿಕೊಂಡು, ಎಲ್ಲವೂ ಸರಿಯಾಗಿದೆಯೆಂದು ಕಂಡಮೇಲೆ ‘ಇನ್ನು ನಿಮ್ಮ ಊರಿನ ಡಾಕ್ಟರಲ್ಲಿಯೇ ತೋರಿಸಿಕೊಳ್ಳಿ’ ಎಂದು ಕಡತವನ್ನು ಕೈಗಿತ್ತು ಕಳುಹಿಸುತ್ತಾರೆ. ಅದು ತಪ್ಪಲ್ಲ. ಆದರೆ ಅಲ್ಲಿಯವರೆಗೆ ಎರಡು ದಿನಕ್ಕೊಮ್ಮೆ ರಕ್ತಪರೀಕ್ಷೆ, ವಾರಕ್ಕೊಮ್ಮೆ ಸ್ಕ್ಯಾನಿಂಗ್ ಎಂದು ಬದುಕಿದ ಹೆಣ್ಣು, ಇನ್ನು ಮುಂದಿನ ಪರೀಕ್ಷೆ ತಿಂಗಳ ಮೇಲೆ ಎಂದು ಕೇಳಿದ ಕ್ಷಣದಲ್ಲಿ ಕೈಬಿಡಲ್ಪಟ್ಟವಳಂತಾಗುತ್ತಾಳೆ.

ಆಕೆಯ ದಿನಗಳು ಹೇಗೆ ಕಳೆಯುತ್ತವೆಂಬುದನ್ನು ಬಲ್ಲವರು, ಅದೇ ದಾರಿಯಲ್ಲಿ ನಡೆದುಬಂದವರು ಮಾತ್ರವೇ. ಬಚ್ಚಲಿಗೆ ಹೋದಾಗಲೆಲ್ಲ ಬಟ್ಟೆಯಲ್ಲಿ ಕಲೆಯುಂಟೋ ಎಂದು ನೋಡಿಕೊಳ್ಳುವುದು. ವಾಂತಿಯಾದರೆ ಬಳಲಿಕೆ, ಒಂದು ದಿನ ವಾಂತಿಯಾಗದಿದ್ದರೆ ಅದಕ್ಕಿಂತ ಹೆಚ್ಚಿನ ಕಳವಳ. ಸೀನಿದರೆ, ಮೆಟ್ಟಿಲು ಹತ್ತಿದರೆ, ತೋಟದ ರಸ್ತೆಯಲ್ಲಿ ಜೀಪು ಕುಲುಕಿದರೆ, ಒಳಗಿನದು ಜಾರಿಬಿಟ್ಟೀತೆಂಬ ಶಂಕೆ. ಭ್ರೂಣವನ್ನಿರಿಸಿದ್ದು ನಾಲ್ಕು ವಾರಗಳ ಹಿಂದೆ, ವೈದ್ಯರು ಆರು ವಾರ ದಾಟಿತೆನ್ನುತ್ತಾರೆ, ಹಾಗಾದರೆ ಮಗು ಬೆಳೆಯುವುದು ಹಿಂದೆಬಿದ್ದಿದೆಯೇ ಎಂದು ಲೆಕ್ಕ ಹಾಕಿ ಹಾಕಿ ಅತ್ತವರುಂಟು. ಐದು ದಿನದ ಭ್ರೂಣವನ್ನು ಇರಿಸಿದ ದಿನವನ್ನೇ ಎರಡು ವಾರ ಐದು ದಿನದ ಗರ್ಭವೆಂದು ಎಣಿಸುವುದು ವೈದ್ಯಶಾಸ್ತ್ರದ ಪದ್ಧತಿಯೆಂದು ಯಾರಾದರೂ ಒಂದು ನಿಮಿಷ ಕುಳಿತು ಹೇಳಿದ್ದರೆ ಆ ಅಳು ಇರುತ್ತಿರಲಿಲ್ಲ. ಮೊದಲ ಮೂರು ತಿಂಗಳಲ್ಲಿ ಅಲ್ಪಸ್ವಲ್ಪ ರಕ್ತ ಕಾಣಿಸುವುದು ಸಹಜವಾಗಿ ಬಸಿರಾದ ಹೆಂಗಸರಲ್ಲಿಯೂ ನಾಲ್ವರಲ್ಲಿ ಒಬ್ಬರಿಗೆ ಆಗುವಂಥದು. ಕಂಡೊಡನೆ ವೈದ್ಯರಿಗೆ ತಿಳಿಸಬೇಕೆಂಬುದು ನಿಜವಾದರೂ, ಅವರಲ್ಲಿ ಬಹುಮಂದಿಯ ಬಸಿರು ಮುಂದುವರಿಯುತ್ತದೆಂಬುದೂ ಅಷ್ಟೇ ನಿಜ. ಹತ್ತು ಹನ್ನೆರಡನೆಯ ವಾರದಲ್ಲಿ ಪ್ರೊಜೆಸ್ಟರಾನ್ ಔಷಧವನ್ನು ನಿಲ್ಲಿಸಿ ಎಂದಾಗ, ಇಷ್ಟು ದಿನ ಬಸಿರನ್ನು ಹಿಡಿದುಕೊಂಡಿದ್ದದ್ದೇ ಆ ಮಾತ್ರೆಯಲ್ಲವೇ ಎಂದು ಕೈ ನಡುಗುತ್ತದೆ. ಆ ಹೊತ್ತಿಗೆ ಮಾಸು ತನಗೆ ಬೇಕಾದುದನ್ನು ತಾನೇ ಉತ್ಪಾದಿಸತೊಡಗಿರುತ್ತದೆಂಬ ವಿಷಯ ಚೀಟಿಯಲ್ಲಿ ಬರೆದಿರುವುದಿಲ್ಲ. ತಿಂಗಳಾನುಗಟ್ಟಲೆ ಮಲಗಿಯೇ ಇರಬೇಕೆಂದು ಅತ್ತೆ ಹೇಳುತ್ತಾರೆ. ಭ್ರೂಣವನ್ನಿರಿಸಿದ ಅನಂತರ ಹಾಸಿಗೆಹಿಡಿದು ಮಲಗುವುದರಿಂದ ಪ್ರಯೋಜನವಿಲ್ಲವೆಂದು ಅಧ್ಯಯನಗಳು ಹೇಳುತ್ತವೆ. ಇಬ್ಬರ ನಡುವೆ ಮಲಗಿರುವವಳು ಯಾರ ಮಾತನ್ನು ಕೇಳಬೇಕು? ಅವಳಿ ಮಕ್ಕಳೆಂದು ಸ್ಕ್ಯಾನಿಂಗಿನಲ್ಲಿ ತಿಳಿದರಂತೂ ಮನೆಯವರ ಹರ್ಷಕ್ಕೆ ಮೇರೆಯಿರುವುದಿಲ್ಲ, ಆಕೆಯ ಚಿಂತೆಗೂ ಮೇರೆಯಿರುವುದಿಲ್ಲ.

ಇವೆಲ್ಲಕ್ಕಿಂತ ಸೂಕ್ಷ್ಮವಾದ ವ್ಯಥೆ ಇನ್ನೊಂದುಂಟು. ಚಿಕಿತ್ಸಾಲಯದ ಬೆಂಚಿನ ಮೇಲೆ ಗಂಟೆಗಟ್ಟಲೆ ಕಾಯುತ್ತಿದ್ದ ದಿನಗಳಲ್ಲಿ ಪಕ್ಕದಲ್ಲಿ ಕುಳಿತ ಅಪರಿಚಿತಳೊಬ್ಬಳು ಅಕ್ಕನೋ ತಂಗಿಯೋ ಆಗಿ, ತನ್ನ ಬುತ್ತಿಯನ್ನೂ ದುಃಖವನ್ನೂ ಹಂಚಿಕೊಂಡು, ಫೋನ್ ನಂಬರು ಕೊಟ್ಟಿರುತ್ತಾಳೆ. ತನಗೆ ಫಲಿಸಿ ಆಕೆಗೆ ಫಲಿಸದೆ ಹೋದಾಗ ಫೋನ್ ಮಾಡುವುದು ಹೇಗೆ? ತನ್ನ ಭಯವನ್ನು ಆಕೆಯ ಮುಂದೆ ಹೇಳಿಕೊಳ್ಳುವುದು ಕ್ರೌರ್ಯವೆನಿಸುತ್ತದೆ, ಸುಖವನ್ನು ಹೇಳಿಕೊಳ್ಳುವುದು ಇನ್ನೂ ಹೆಚ್ಚಿನ ಕ್ರೌರ್ಯವೆನಿಸುತ್ತದೆ. ಇತ್ತ ಅಂಗನವಾಡಿಯಲ್ಲಿ ಸೇರುವ ಗರ್ಭಿಣಿಯರ ನಡುವೆ ಕುಳಿತರೆ, ಅವರು ಹೆಸರುಗಳ ವಿಚಾರ, ತೊಟ್ಟಿಲ ವಿಚಾರ, ತವರಿಗೆ ಹೋಗುವ ದಿನದ ವಿಚಾರಗಳನ್ನು ನಿಶ್ಚಿಂತೆಯಿಂದ ಆಡುತ್ತಿರುವಾಗ, ಒಂಬತ್ತನೆಯ ತಿಂಗಳೆಂಬುದು ತನಗೂ ಬಂದೀತೆಂದು ನಂಬಲಾರದ ಇವಳು ಮೌನವಾಗಿ ಊಟ ಮುಗಿಸಿ ಎದ್ದುಬರುತ್ತಾಳೆ. ಬಂಜೆಯರೆಂದು ಜನ ಕರೆದವರ ಸಂಗವೂ ತಪ್ಪಿತು, ಬಸುರಿಯರ ಸಂಗವೂ ದೊರೆಯಲಿಲ್ಲ. ಮನೆಯಲ್ಲಿ ಹೇಳಿಕೊಂಡರೆ ‘ಇಷ್ಟು ಹರಕೆ ಹೊತ್ತು ಪಡೆದದ್ದು, ಸಂತೋಷವಾಗಿರಬಾರದೇ ಮಗಳೇ?’ ಎಂಬ ಉತ್ತರ ಬರುತ್ತದೆ. ಅದು ಪ್ರೀತಿಯ ಮಾತೇ. ಆದರೆ ಆ ಮಾತನ್ನು ಕೇಳಿದ ಮೇಲೆ ಆಕೆ ಎರಡನೆಯ ಸಲ ಬಾಯಿಬಿಡುವುದಿಲ್ಲ.

ಕಾಫಿಯ ನಾಡಿನಲ್ಲಿರುವ ನಮಗೆ ಈ ಆತಂಕವು ಅರ್ಥವಾಗದಿರುವುದು ಆಶ್ಚರ್ಯ. ಮಾರ್ಚಿ ಏಪ್ರಿಲಿನಲ್ಲಿ ಹೂಮಳೆಯಾಗಿ ತೋಟವೆಲ್ಲ ಬೆಳ್ಳಗೆ ಅರಳಿ ನಿಂತಾಗ, ಬೆಳೆಗಾರನು ಆನಂದದಿಂದ ಸುಮ್ಮನೆ ಕೂರುವನೆಂದು ಇಲ್ಲಿ ಯಾರೂ ತಿಳಿಯುವುದಿಲ್ಲ. ಹಿಂದೆಯೇ ಬ್ಯಾಕಿಂಗ್ ಮಳೆ ಬಾರದಿದ್ದರೆ ಹೂವು ಕಾಯಿಕಟ್ಟದೆಂಬುದು ಕೂಲಿಯ ಮಗುವಿಗೂ ಗೊತ್ತು. ಆಗ ಅವನು ಮೋಡ ನೋಡುತ್ತ ಅಂಗಳದಲ್ಲಿ ಅತ್ತಿತ್ತ ನಡೆದರೆ, ಹೂವು ಬಂದಿತಲ್ಲಾ, ಇನ್ನೇಕೆ ಚಿಂತೆ ಎಂದು ಯಾರೂ ಅವನನ್ನು ಆಕ್ಷೇಪಿಸುವುದಿಲ್ಲ. ಬದಲಾಗಿ ನೆರೆಯ ತೋಟದವನು ಬಂದು ‘ನಮ್ಮಲ್ಲಿಯೂ ಹಾಗೆಯೇ’ ಎಂದು ಪಕ್ಕದಲ್ಲಿ ನಿಲ್ಲುತ್ತಾನೆ. ಗಿಡದ ವಿಷಯದಲ್ಲಿ ನಾವು ಸಹಜವಾಗಿ ಒಪ್ಪಿದ ಈ ನ್ಯಾಯವನ್ನು ನಮ್ಮ ಹೆಣ್ಣುಮಕ್ಕಳ ವಿಷಯದಲ್ಲಿ ಒಪ್ಪದಿರುವುದಕ್ಕೆ ಸಮರ್ಥನೆಯಿಲ್ಲ.

ಕಾನೂನು ಸಮಾಲೋಚನೆಯನ್ನು ಸಂಪೂರ್ಣವಾಗಿ ಮರೆತಿದೆಯೆಂದು ಹೇಳುವಂತಿಲ್ಲ. 2021ರಲ್ಲಿ ಸಂಸತ್ತು ಅಂಗೀಕರಿಸಿ, 2022ರ ಜನವರಿಯಲ್ಲಿ ಜಾರಿಗೆ ಬಂದ ಸಂತಾನೋತ್ಪತ್ತಿ ನೆರವು ತಂತ್ರಜ್ಞಾನದ ಅಧಿನಿಯಮವು, ಚಿಕಿತ್ಸೆಯ ಫಲಾಫಲಗಳನ್ನೂ ಅಪಾಯಗಳನ್ನೂ ವೆಚ್ಚವನ್ನೂ ಕುರಿತು ದಂಪತಿಗಳಿಗೆ ತಜ್ಞರ ಸಮಾಲೋಚನೆಯನ್ನು ಒದಗಿಸುವುದು ಚಿಕಿತ್ಸಾಲಯದ ಕರ್ತವ್ಯವೆಂದು ವಿಧಿಸಿದೆ. ಅವರ ವಿವರಗಳನ್ನು ಗೋಪ್ಯವಾಗಿಡಬೇಕೆಂದೂ ವಿಧಿಸಿದೆ. ಎರಡೂ ಯುಕ್ತವೇ. ಆದರೆ ಆ ಸಮಾಲೋಚನೆಯ ದೃಷ್ಟಿಯೆಲ್ಲ ಚಿಕಿತ್ಸೆಗೆ ಸಮ್ಮತಿಸುವ ಘಟ್ಟದ ಮೇಲೆ ನೆಟ್ಟಿದೆ. ಬಸಿರು ನಿಂತ ಮೇಲಿನ ಮಾಸಗಳಿಗೆ ಅದರಲ್ಲಿ ಅವಕಾಶವೇ ಕಾಣದು.

ಈ ಮೌನಕ್ಕೆ ಒಂದು ಇತಿಹಾಸವೂ ಉಂಟು. ಇಂಗ್ಲೆಂಡಿನ ಓಲ್ಡ್‌ಹ್ಯಾಮಿನಲ್ಲಿ 1978ರ ಜುಲೈ 25ರಂದು ಪ್ರಪಂಚದ ಪ್ರಥಮ ಪ್ರನಾಳ ಶಿಶು ಹುಟ್ಟಿದ ಎರಡೂ ಕಾಲು ತಿಂಗಳಲ್ಲಿ, ಅದೇ ಅಕ್ಟೋಬರ್ 3ರಂದು, ಕಲಕತ್ತೆಯಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ‘ದುರ್ಗಾ’ ಎಂಬ ಹೆಣ್ಣುಮಗು ಹುಟ್ಟಿತು. ಅವರ ಸಾಧನೆಯನ್ನು ಸರಕಾರದ ಸಮಿತಿ ನಂಬಲಿಲ್ಲ. 1981ರಲ್ಲಿ ಅವರು ಪ್ರಾಣವನ್ನೇ ತೆಗೆದುಕೊಂಡರು. 1986ರಲ್ಲಿ ಮುಂಬಯಿಯಲ್ಲಿ, ದೇಶದ ಪ್ರಥಮ ಪ್ರನಾಳ ಶಿಶುವೆಂದು ಆಗ ಹೆಸರಾದ ಹರ್ಷಾಳ ಜನನಕ್ಕೆ ಕಾರಣರಾದ ವಿಜ್ಞಾನಿಗಳಲ್ಲೊಬ್ಬರಾದ ಟಿ.ಸಿ. ಆನಂದಕುಮಾರರು, ಮುಂದೆ ಬೆಂಗಳೂರಿನಲ್ಲಿ ನೆಲೆಸಿ, ಮುಖೋಪಾಧ್ಯಾಯರ ಟಿಪ್ಪಣಿಗಳನ್ನು ಪರಿಶೀಲಿಸಿ, ಪ್ರಥಮ ಕೀರ್ತಿ ತಮಗಲ್ಲ, ಅವರಿಗೆ ಸಲ್ಲತಕ್ಕದ್ದೆಂದು 1997ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಗಿ ಬರೆದರು. ತನ್ನ ಕಿರೀಟವನ್ನು ತಾನೇ ತೆಗೆದು ಇನ್ನೊಬ್ಬರ ತಲೆಗಿಟ್ಟ ಈ ಔದಾರ್ಯವು ವಿಜ್ಞಾನದ ಚರಿತ್ರೆಯಲ್ಲಿ ಅಪರೂಪದ್ದು. ಆದರೆ ಆ ಕಥೆಯಲ್ಲಿ ಯಾರೂ ಕೇಳದ ಪ್ರಶ್ನೆಯೊಂದಿದೆ: ದುರ್ಗಾಳ ತಾಯಿ ಆ ಒಂಬತ್ತು ತಿಂಗಳನ್ನು ಯಾರೊಡನೆ ಮಾತನಾಡಿ ಕಳೆದಳು? ಸಮಾಜದ ಅಂಜಿಕೆಯಿಂದ ಆ ಕುಟುಂಬವು ವಿಷಯವನ್ನು ಗುಟ್ಟಾಗಿಟ್ಟಿತು. ಮಗಳು ತಾನಾಗಿ ಲೋಕದ ಮುಂದೆ ನಿಂತದ್ದು ತನ್ನ 25ನೆಯ ವರ್ಷದಲ್ಲಿ. ಅಂದಿನ ಆ ತಾಯಿಗೆ ತನ್ನಂಥ ಇನ್ನೊಬ್ಬಳು ದೇಶದಲ್ಲಿಯೇ ಇರಲಿಲ್ಲ. ಇಂದು ನಮ್ಮ ಊರಿನಂಥ ಊರಿನಲ್ಲಿಯೂ ಇಂಥವರು ಒಬ್ಬಿಬ್ಬರಲ್ಲ, ಆದರೂ ಒಬ್ಬರಿಗೊಬ್ಬರು ಅಪರಿಚಿತರಾಗಿಯೇ ಉಳಿದಿದ್ದಾರೆ.

ಹೆಂಗಸರ ಒಳದುಗುಡವನ್ನು ಮಾತಿಗೆ ತರುವುದು ಸುಂಟಿಕೊಪ್ಪಕ್ಕೆ ಹೊಸದೂ ಅಲ್ಲ. ಇಲ್ಲಿಯ ಗುಂಡುಕುಟ್ಟಿ ತೋಟದ ಏಕಾಂತದಲ್ಲಿ ಸಂಸಾರ ಮಾಡಿಕೊಂಡಿದ್ದ ಕೊಡಗಿನ ಗೌರಮ್ಮನವರು, 1939ರಲ್ಲಿ ಇನ್ನೂ ಇಪ್ಪತ್ತೇಳರ ಪ್ರಾಯದಲ್ಲಿ ನೀರಿಗೆ ಸಿಕ್ಕಿ ತೀರಿಹೋಗುವ ಮುನ್ನ, ‘ಕಂಬನಿ’ ಮತ್ತು ‘ಚಿಗುರು’ ಸಂಕಲನಗಳಲ್ಲಿ ಅನಂತರ ಸೇರಿದ ಕಥೆಗಳನ್ನು ಬರೆದು, ವಿಧವೆಯರ, ಪರಿತ್ಯಕ್ತೆಯರ, ಹೇಳಿಕೊಳ್ಳಲಾರದ ಹೆಂಡಿರ ಸಂಕಟಕ್ಕೆ ಕನ್ನಡದಲ್ಲಿ ದನಿ ಕೊಟ್ಟರು. ಆ ಕಥೆಗಳನ್ನೋದಿದ ಹೆಂಗಸರು ತಮ್ಮಂಥವರು ಬೇರೆಡೆಯಲ್ಲಿಯೂ ಇರುವರೆಂಬುದನ್ನು ಅರಿತರಲ್ಲವೇ! ಆ ಅರಿವೇ ಎಷ್ಟೋ ಭಾರವನ್ನು ಇಳಿಸುತ್ತದೆ.

ಇದು ಕೇವಲ ಭಾವುಕತೆಯ ಮಾತಲ್ಲ. 1974ರಷ್ಟು ಹಿಂದೆಯೇ ಅಮೆರಿಕದಲ್ಲಿ ಬಾರ್ಬರಾ ಎಕ್ ಮೆನಿಂಗ್ ಎಂಬಾಕೆ ಸಂತಾನಹೀನರು ಪರಸ್ಪರ ಭೇಟಿಯಾಗುವ ‘ರಿಸಾಲ್ವ್’ ಎಂಬ ಸಂಘವನ್ನು ಕಟ್ಟಿದಳು. ನಮ್ಮಲ್ಲಿಯೇ, ಜಾರ್ಖಂಡ್ ಒಡಿಶಾಗಳ ಹಳ್ಳಿಗಳಲ್ಲಿ ‘ಏಕಜುಟ್’ ಸಂಸ್ಥೆಯು ಹೆಂಗಸರನ್ನು ತಿಂಗಳಿಗೊಮ್ಮೆ ಒಂದೆಡೆ ಕೂಡಿಸಿ, ಬಸಿರು ಬಾಣಂತನಗಳ ಕಷ್ಟಗಳನ್ನು ತಾವೇ ಚರ್ಚಿಸಿ ತಾವೇ ಉಪಾಯ ಹುಡುಕುವಂತೆ ಮಾಡಿದಾಗ, ನವಜಾತ ಶಿಶುಗಳ ಮರಣವು ಗಣನೀಯವಾಗಿ ಇಳಿಯಿತೆಂದೂ, ಮೂರನೆಯ ವರ್ಷದ ವೇಳೆಗೆ ತಾಯಂದಿರ ಖಿನ್ನತೆಯೂ ಇಳಿಯಿತೆಂದೂ 2010ರ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿಯಾಯಿತು. ಗೋವೆಯಲ್ಲಿ ಖಿನ್ನರಾದ ಗರ್ಭಿಣಿಯರ ಮನೆಗಳಿಗೆ, ಅದೇ ಪ್ರದೇಶದ ಸಾಮಾನ್ಯ ತಾಯಂದಿರನ್ನೇ ತರಬೇತುಗೊಳಿಸಿ ‘ಸಖಿ’ಯರೆಂದು ಕಳುಹಿಸಿದ ಪ್ರಯೋಗವೂ ಫಲ ಕೊಟ್ಟಿದೆ. ಈ ಯಾವ ಪ್ರಯೋಗವೂ ಚಿಕಿತ್ಸೆಯಿಂದ ಬಸಿರಾದವರನ್ನೇ ಕುರಿತದ್ದಲ್ಲವೆಂಬುದನ್ನು ಒಪ್ಪಿದರೂ, ಸಾಧಾರಣ ಹೆಂಗಸು ಸಾಧಾರಣ ಹೆಂಗಸಿಗೆ ಎಷ್ಟು ಆಸರೆಯಾಗಬಲ್ಲಳೆಂಬುದಕ್ಕೆ ಇವು ಸಾಕಾದ ಪ್ರಮಾಣ.

ಆಕ್ಷೇಪಗಳು ಬರುವುವು. ಒಬ್ಬಳ ಗರ್ಭಸ್ರಾವದ ಕಥೆಯನ್ನು ಕೇಳಿ ಇನ್ನೊಬ್ಬಳು ಕಂಗೆಡುವಳೆಂದು ಕೆಲವರು ಹೇಳಿಯಾರು. ಕೇಳದಿದ್ದರೂ ಆಕೆ ಅದನ್ನೇ ರಾತ್ರಿಯೆಲ್ಲ ಯೋಚಿಸುತ್ತಿರುತ್ತಾಳೆ, ಒಬ್ಬಳೇ. ವೈದ್ಯರಲ್ಲದವರು ಔಷಧ ಹೇಳಿಬಿಡುವರೆಂಬ ಭಯವು ಮಾತ್ರ ನಿಜವಾದದ್ದು. ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈಗಳ ಬಾವು ಕಂಡಾಗ ‘ನನಗೂ ಹಾಗೆಯೇ ಆಗಿತ್ತು, ಸರಿಹೋಯಿತು’ ಎಂಬ ಸಮಾಧಾನವು ಪ್ರಾಣಕ್ಕೇ ಅಪಾಯ. ಏಕೆಂದರೆ ಇಂಥ ಬಸಿರುಗಳಲ್ಲಿ, ಅದರಲ್ಲಿಯೂ ಅವಳಿಗಳಿದ್ದಾಗ, ರಕ್ತದೊತ್ತಡ ಏರುವ ಸಂಭವ ಹೆಚ್ಚು. ಆದಕಾರಣ ಜೊತೆಗಾತಿಯಾದವಳು ಮೊದಲು ಕಲಿಯಬೇಕಾದ ಪಾಠವೆಂದರೆ, ಯಾವಾಗ ಮಾತು ನಿಲ್ಲಿಸಿ ಆಸ್ಪತ್ರೆಗೆ ಕರೆದೊಯ್ಯಬೇಕೆಂಬುದು. ಗುಟ್ಟಿನ ಪ್ರಶ್ನೆ ಇನ್ನೂ ಕಠಿಣ. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ, ಮಗುವಿನ ಹುಟ್ಟನ್ನು ಕುರಿತು ಜನ ಆಡಿಕೊಂಡಾರೆಂಬ ಹೆದರಿಕೆಯನ್ನು ಅಲ್ಪವೆಂದು ತಳ್ಳಿಹಾಕಲಾಗದು. ಸುಂಟಿಕೊಪ್ಪದವಳಿಗೆ ಸೋಮವಾರಪೇಟೆಯವಳು, ವಿರಾಜಪೇಟೆಯವಳಿಗೆ ಕುಶಾಲನಗರದವಳು ಜೊತೆಯಾಗಲಿ. ಹೆಸರು ಹೇಳುವುದೂ ಬಿಡುವುದೂ ಅವರವರ ಇಚ್ಛೆಗಿರಲಿ. ಮುಖ ಕಾಣದೆ ಫೋನಿನಲ್ಲಿ ಮಾತನಾಡುವುದೇ ಹಿತವೆನಿಸಿದರೆ ಹಾಗೆಯೇ ಆಗಲಿ. ಮಾತಿಗೂ ಬಗ್ಗದಷ್ಟು ಭಯ ಬೆಳೆದವರಿಗೆ ಸರಕಾರದ ‘ಟೆಲಿ ಮಾನಸ್’ ದೂರವಾಣಿ 14416 ಇದ್ದೇ ಇದೆ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಗರ್ಭಿಣಿ ಬಾಣಂತಿಯರ ಮನೋರೋಗಕ್ಕೆಂದೇ ಪ್ರತ್ಯೇಕ ವಿಭಾಗವೂ ಇದೆ.

ಗಂಡಂದಿರ ವಿಷಯವನ್ನು ಇಲ್ಲಿ ಒಂದು ಮಾತಿನಲ್ಲಿ ಮುಗಿಸುವುದು ನ್ಯಾಯವಲ್ಲವಾದರೂ, ಸಾಲ ಮಾಡಿ ಚಿಕಿತ್ಸೆಯ ಹಣ ಕಟ್ಟಿ, ಹೆಂಡತಿಯ ಎದುರು ಧೈರ್ಯ ನಟಿಸುವ ಅವರಿಗೂ ಒಬ್ಬ ಜೊತೆಗಾರ ಬೇಕು.

ಇದಕ್ಕೆ ಹೊಸ ಕಟ್ಟಡವಾಗಲಿ ಹೊಸ ಇಲಾಖೆಯಾಗಲಿ ಬೇಕಿಲ್ಲ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ 2016ರಿಂದ ಪ್ರತಿ ತಿಂಗಳ 9ನೆಯ ತಾರೀಕು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ತಪಾಸಣೆ ನಡೆಯುತ್ತ ಬಂದಿದೆ. ಅಂದು ತಜ್ಞರೂ ಇರುತ್ತಾರೆ, ಗರ್ಭಿಣಿಯರೂ ಬಂದಿರುತ್ತಾರೆ. ಮಡಿಕೇರಿಯ ಬೋಧಕ ಆಸ್ಪತ್ರೆಯು ಆ ದಿನ ಒಂದು ಕೋಣೆಯನ್ನು ಒಂದು ಗಂಟೆಯ ಮಟ್ಟಿಗೆ ಬಿಟ್ಟುಕೊಟ್ಟು, ಒಬ್ಬ ವೈದ್ಯೆಯನ್ನೋ ಹಿರಿಯ ನರ್ಸನ್ನೋ ಅಲ್ಲಿ ಕೂರಿಸಲಿ. ಅಂಥ ಬಸಿರನ್ನು ದಾಟಿ ಮಗುವನ್ನೆತ್ತಿಕೊಂಡ ತಾಯಂದಿರಲ್ಲಿ ಒಪ್ಪಿದವರನ್ನು ಆಶಾ ಕಾರ್ಯಕರ್ತೆಯರ ಮೂಲಕ ಕರೆಸಲಿ. ಮಗುವನ್ನು ಉಳಿಸಿಕೊಳ್ಳಲಾಗದೆ ಹೋದವರೂ ಬರಬಯಸಿದರೆ ಅವರಿಗೂ ಅಲ್ಲಿ ಸ್ಥಳವಿರಲಿ. ಮೈಸೂರು ಮಂಗಳೂರುಗಳ ಚಿಕಿತ್ಸಾಲಯಗಳು ಕಡತವನ್ನು ಕೈಗಿಡುವ ದಿನ, ‘ನಿಮ್ಮ ಜಿಲ್ಲೆಯಲ್ಲಿ ಇದೇ ದಾರಿಯಲ್ಲಿ ಬಂದವರೊಬ್ಬರೊಡನೆ ಮಾತನಾಡಲು ನಿಮಗೆ ಇಷ್ಟವೇ?’ ಎಂದು ಒಂದು ಪ್ರಶ್ನೆಯನ್ನು ಕೇಳಿ, ಒಪ್ಪಿದವರ ಸಹಿಯನ್ನು ಪಡೆದರೆ ಗೋಪ್ಯತೆಯ ನಿಯಮಕ್ಕೂ ಭಂಗವಿಲ್ಲ. ಮಳೆಗಾಲದಲ್ಲಿ ಮಾದಾಪುರದ ಕಡೆಯ ತೋಟಗಳಿಂದ ಮಡಿಕೇರಿಗೆ ಬರಲಾಗದ ದಿನಗಳುಂಟಾದ್ದರಿಂದ, ಜೂನ್‌ನಿಂದ ಸೆಪ್ಟೆಂಬರಿನವರೆಗೆ ಆ ಗಂಟೆಯನ್ನು ಸುಂಟಿಕೊಪ್ಪದ ಆಸ್ಪತ್ರೆಯಲ್ಲಿಯೇ ನಡೆಸುವುದು ಮೇಲು.