ತಿಮಿಂಗಿಲದ ಆಸೆ, ಅಲೆಯ ಸೆಳೆತ

ಮೂಡಲಪಾಳ್ಯ: ರಜೆ ಬಂತೆಂದರೆ ಸಾಕು, ಅಂಗಡಿ ಕಟ್ಟೆಯಲ್ಲೂ ಮಾರ್ಕೆಟ್ ಬಸ್ಸಿನಲ್ಲೂ ಕಡಲಿನದೇ ಮಾತು. ಹಿಂದೆ ಮುರುಡೇಶ್ವರಕ್ಕೆ ಹೋದವರು ಶಿವನಿಗೆ ಕೈಮುಗಿದು, ಕಾಲು ತೋಯಿಸಿಕೊಂಡು ಬರುತ್ತಿದ್ದರು. ಈಗಿನ ಹುಡುಗರಿಗೆ ಅಷ್ಟು ಸಾಲದು. ಪರದೇಶದವರು ತಿಮಿಂಗಿಲದ ಪಕ್ಕ ಈಜುವುದನ್ನು ಮೊಬೈಲಿನಲ್ಲಿ ಕಂಡಿದ್ದಾರೆ. ನಮ್ಮ ಕಡಲಲ್ಲೂ ಹಾಗೆ ಈಜಬಹುದಲ್ವಾ ಅನ್ನುತ್ತಾರೆ.

ಅದು ಇಲ್ಲಿ ಆಗುವ ಮಾತಲ್ಲ. ಪೆಸಿಫಿಕ್ ಸಾಗರದ ಟೊಂಗಾ ದ್ವೀಪಗಳಿಗೆ ಗೂನು ತಿಮಿಂಗಿಲಗಳು ಪ್ರತಿ ವರ್ಷ ಮರಿ ಹಾಕಲು ಬರುತ್ತವೆ. ಅಲ್ಲಿ ಲೈಸೆನ್ಸ್ ಪಡೆದ ದೋಣಿಯವರು ಜನರನ್ನು ನೀರಿಗಿಳಿಸುತ್ತಾರೆ. ನಮ್ಮ ಅರಬ್ಬಿ ಸಮುದ್ರದಲ್ಲೂ ತಿಮಿಂಗಿಲ ಇಲ್ಲವೆಂದಲ್ಲ. 2017ರಲ್ಲಿ ಒಮಾನ್ ಬಳಿ ಉಪಗ್ರಹ ಟ್ಯಾಗ್ ಹಾಕಿದ 'ಲುಬಾನ್' ಎಂಬ ಹೆಣ್ಣು ತಿಮಿಂಗಿಲ ಸಮುದ್ರ ದಾಟಿ ಗೋವಾ ಕಡೆಗೆ ಬಂದಿತ್ತು. ಆದರೆ ಅವು ಬರುವುದು ಅಪರೂಪ. ಟಿಕೆಟ್ ಹರಿದು ತೋರಿಸುವ ಸರ್ಕಸ್ ಅಲ್ಲ.

ಇಲ್ಲಿ ಸಿಗುವುದು ಬೇರೆ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್ ಉಂಟು. ಈಜು ಬಾರದವರನ್ನೂ ತರಬೇತುದಾರರು ಜೊತೆಗಿದ್ದು ಮುಳುಗಿಸಿ ತರುತ್ತಾರೆ. ಬಣ್ಣದ ಮೀನು, ಹವಳ ಕಾಣುತ್ತವೆ. ಅಪರೂಪಕ್ಕೆ 'ತಿಮಿಂಗಿಲ ಶಾರ್ಕ್' ಕಂಡದ್ದುಂಟು. ಹೆಸರಿಗೆ ತಿಮಿಂಗಿಲ, ಜಾತಿಯಲ್ಲಿ ಮೀನು. 2001ರಿಂದ ಇದಕ್ಕೂ ಕಾನೂನಿನ ಪೂರ್ಣ ರಕ್ಷಣೆ ಇದೆ. ಕಾರವಾರ, ಗೋಕರ್ಣದ ಕಡೆ ದೋಣಿಯಲ್ಲಿ ಕೂತು ಡಾಲ್ಫಿನ್ ನೋಡಬಹುದು. ಅದಕ್ಕಿಂತ ಹೆಚ್ಚು ತೋರಿಸುತ್ತೇವೆ ಎನ್ನುವವರ ಬಾಯಿಗೆ ಮುಂಗಡ ಹಾಕುವ ಮುನ್ನ ಯೋಚಿಸಬೇಕು.

ಬೆಂಗಳೂರಿಗೆ ತಿಮಿಂಗಿಲದ ನಂಟು ಬಂದದ್ದು ಪೊಲೀಸರ ಮೂಲಕ. 'ತಿಮಿಂಗಿಲ ವಾಂತಿ' ಮಾರಲು ಹೊರಟವರು 2021ರಲ್ಲಿ ಇಲ್ಲೇ ಸಿಕ್ಕಿಬಿದ್ದರು. ಅದನ್ನು ಇಟ್ಟುಕೊಳ್ಳುವುದೂ ಮಾರುವುದೂ ಅಪರಾಧ.

ನಿಜವಾದ ಭಯ ತಿಮಿಂಗಿಲದ್ದಲ್ಲ, ದಡದ ನೀರಿನದು. 2024ರ ಡಿಸೆಂಬರ್ 10ರಂದು ಮುಳಬಾಗಿಲು ತಾಲ್ಲೂಕಿನಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ನೀರುಪಾಲಾದರು. ಕೆರೆ, ಬಾವಿಯ ನೀರು ಕಂಡ ಬಯಲುಸೀಮೆಯವರಿಗೆ ಅಲೆಯ ಲೆಕ್ಕ ತಿಳಿಯದು. ದಡಕ್ಕೆ ಬಂದ ನೀರು ವಾಪಸು ಹೋಗುವಾಗ ಒಂದೊಂದು ಕಡೆ ಕಾಲುವೆಯಂತೆ ಸೆಳೆಯುತ್ತದೆ. ಮೊಣಕಾಲು ನೀರಲ್ಲಿ ನಿಂತವರನ್ನೂ ಒಯ್ಯುತ್ತದೆ. ಸೆಳೆತದ ಎದುರು ಈಜಿದರೆ ಸುಸ್ತು. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿದರೆ ತಪ್ಪಿಸಿಕೊಳ್ಳಬಹುದು.

ದುರಂತದ ಮೇಲೆ ಕೆಲ ದಿನ ಕಡಲತೀರ ಮುಚ್ಚಿತು. ಪೆಟ್ಟು ಬಿದ್ದದ್ದು ಯಾರಿಗೆ? ಎಳನೀರಿನವನಿಗೆ, ದೋಣಿಯವನಿಗೆ, ಲಾಡ್ಜಿನವನಿಗೆ. ಒಂದು ದಿನ ಬಾಗಿಲು ಹಾಕಿದರೆ ಏನು ನಷ್ಟ ಅಂತ ಮೂಡಲಪಾಳ್ಯದ ಅಂಗಡಿಯವರಿಗೆ ಹೇಳಿಕೊಡಬೇಕಿಲ್ಲ. ಸಾವಾದ ಮೇಲೆ ತೀರ ಮುಚ್ಚುವುದಕ್ಕಿಂತ, ವರ್ಷಪೂರ್ತಿ ಸಾಕಷ್ಟು ಜೀವರಕ್ಷಕರನ್ನು ಸಂಬಳ ಕೊಟ್ಟು ನಿಲ್ಲಿಸುವುದೇ ಅಗ್ಗ. ಪ್ರವಾಸಿಯ ದುಡ್ಡು ಬೇಕೆನ್ನುವ ಸರ್ಕಾರ ಈ ಖರ್ಚನ್ನು ತಳ್ಳಿಹಾಕುವಂತಿಲ್ಲ.

ಹೊರಡುವವರೂ ಇಷ್ಟು ಮಾಡಲಿ. ಮಳೆಗಾಲದಲ್ಲಿ ನೀರಿಗಿಳಿಯುವ ಪ್ಲಾನ್ ಬೇಡ. ಜೂನ್, ಜುಲೈನಲ್ಲಿ ಯಾಂತ್ರೀಕೃತ ಮೀನುಗಾರಿಕೆ ದೋಣಿಗಳಿಗೇ ನಿಷೇಧ. ಲೈಫ್ ಜಾಕೆಟ್ ಇಲ್ಲದ ದೋಣಿ ಹತ್ತಬೇಡಿ. ಕೆಂಪು ಬಾವುಟ ಕಂಡರೆ ಮಕ್ಕಳ ಕೈ ಬಿಡಬೇಡಿ. ಟೂರ್ ವ್ಯಾನಿನವನ ಹತ್ತಿರ ಬಾಡಿಗೆ ಚೌಕಾಸಿ ಮಾಡುವಾಗಲೇ, ನೀರಿನ ಹತ್ತಿರ ಮಕ್ಕಳನ್ನು ನೋಡಿಕೊಳ್ಳುವವರು ಯಾರು ಅನ್ನುವುದನ್ನೂ ಇತ್ಯರ್ಥ ಮಾಡಿಕೊಳ್ಳಿ.