ಉಣ್ಣಲು ಕಲಿತದ್ದೂ ಕಲಿಕೆಯೇ

ವಿಶೇಷ ಅಗತ್ಯವುಳ್ಳ ಮಕ್ಕಳ ಪಾಲಿಗೆ ಕಳೆದ ಮೂರು ದಶಕ ಕಾನೂನಿನ ಕಾಲ. 1995ರ ಕಾಯ್ದೆ 7 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತ್ತು. 2016ರ ಕಾಯ್ದೆ ಆಟಿಸಂ ಮೊದಲಾದವನ್ನು ಸೇರಿಸಿ 21ಕ್ಕೆ ಏರಿಸಿತು. ಪಂಚಾಯಿತಿ ಮಟ್ಟಕ್ಕೆ ಪುನರ್ವಸತಿ ಕಾರ್ಯಕರ್ತರು ಬಂದರು, ಶಾಲೆಗೆ ಬರಲಾಗದವರಿಗೆ ಗೃಹಾಧಾರಿತ ಶಿಕ್ಷಣ ಬಂತು. ಇವೆಲ್ಲ ಹೋರಾಡಿ ಪಡೆದವು, ಸಣ್ಣವಲ್ಲ.

ಆದರೆ ಶಾಲೆಗೆ ದಾಖಲಾದ ಮಗು ಕಲಿತದ್ದೇನು? ತಾನೇ ಮುದ್ದೆ ಮುರಿದು ಉಣ್ಣುವುದು, ಸ್ನಾನ ಮಾಡುವುದು, ಅಂಗಡಿಯಲ್ಲಿ ಚಿಲ್ಲರೆ ಎಣಿಸಿಕೊಳ್ಳುವುದು, ಕೆಟ್ಟ ಕೈ ಮೈಮುಟ್ಟಿದರೆ ಕೂಗಿಕೊಳ್ಳುವುದು. ಇವನ್ನು ಕಲಿಸುವುದು ಇನ್ನೂ ತಾಯಿಯ ಕೆಲಸವಾಗಿಯೇ ಉಳಿದಿದೆ. ಮೈನೆರೆದ ಹೆಣ್ಣುಮಗಳಿಗೆ ಮುಟ್ಟಿನ ಬಟ್ಟೆ ಬದಲಿಸಲು ಕಲಿಸದೆ ಮನೆಯಲ್ಲೇ ಕೂರಿಸುವುದು ನಮಗೆ ಅನ್ಯಾಯವೆಂದು ಅನಿಸುವುದೇ ಇಲ್ಲ.

ಕಲಿಸುವ ದಾರಿ ಹೊಸದೇನಲ್ಲ. ಸಿಕಂದರಾಬಾದಿನಲ್ಲಿ 1984ರಲ್ಲಿ ಆರಂಭವಾದ, ಬುದ್ಧಿಮಾಂದ್ಯರಿಗಾಗಿನ ರಾಷ್ಟ್ರೀಯ ಸಂಸ್ಥೆಯಲ್ಲಿ ರೀಟಾ ಪೇಶಾವರಿಯಾ ಮತ್ತು ಎಸ್. ವೆಂಕಟೇಶನ್ ರೂಪಿಸಿದ ಬೇಸಿಕ್-ಎಂಆರ್ ಮಾಪಕದ ಕೌಶಲ ಭಾಗದಲ್ಲಿ 7 ವಿಭಾಗ, ಒಂದೊಂದರಲ್ಲೂ 40 ಕೌಶಲಗಳಿವೆ. ಪಾಸು-ಫೇಲು ಅದರಲ್ಲಿಲ್ಲ. ಕೈಹಿಡಿದು ಮಾಡಿಸಬೇಕೇ, ಬಾಯಲ್ಲಿ ಹೇಳಿದರೆ ಸಾಕೇ, ಸುಳಿವು ಕೊಟ್ಟರೆ ಸಾಕೇ, ಮಗು ತಾನೇ ಮಾಡುತ್ತದೆಯೇ ಎಂದು ಮೆಟ್ಟಿಲು ಮೆಟ್ಟಿಲಾಗಿ ಅಂಕ. ಕೈಹಿಡಿಯುವುದು ಬಿಟ್ಟು ಬಾಯಿಮಾತಿಗೆ ಬಂದರೂ ಅದು ಪ್ರಗತಿ. ಕೆಲಸವನ್ನು ಕೊನೆಯಿಂದ ಕಲಿಸುವ ಕ್ರಮವೂ ಇದೆ: ಚಡ್ಡಿಯನ್ನು ಸೊಂಟದ ಹತ್ತಿರದವರೆಗೆ ತಾಯಿ ಏರಿಸಿ, ಕೊನೆಯ ಎಳೆತವನ್ನು ಮಗುವಿಗೆ ಬಿಡುವುದು. ಮುಗಿಸಿದ ಖುಷಿ ಮಗುವಿನದಾಗುತ್ತದೆ. ನಾಳೆ ಮೊಣಕಾಲಿನಿಂದ, ನಾಡಿದ್ದು ಪಾದದಿಂದ. ಅವಸರ ಮಾಡಿ ನಾವೇ ತೊಡಿಸಿಬಿಟ್ಟರೆ ಆ ದಿನದ ಪಾಠ ಹೋಯಿತು.

1939ರ ಅರಣ್ಯ ಸತ್ಯಾಗ್ರಹ ನಡೆದ ನಮ್ಮ ತುರುವನೂರು ಹಕ್ಕಿನ ಮಾತು ಬಲ್ಲ ಊರು; ಕಲಿಕೆಯೂ ಈ ಮಕ್ಕಳ ಹಕ್ಕು. ಪಾಠೋಪಕರಣಕ್ಕೂ ಇಲ್ಲಿ ಕೊರತೆಯಿಲ್ಲ. ಶೇಂಗಾ ಸುಲಿಯುವುದು ಬೆರಳಿಗೆ ಒಳ್ಳೆಯ ವ್ಯಾಯಾಮ. ಕಾಳು ಒಂದೆಡೆ, ಸಿಪ್ಪೆ ಒಂದೆಡೆ ಹಾಕುವುದು ವಿಂಗಡಣೆಯ ಪಾಠ. ಕೊಡದಿಂದ ಚೊಂಬಿಗೆ ನೀರು ಬಗ್ಗಿಸುವುದು, ಸಂತೆಗೆ ಚೀಲ ಹಿಡಿದು ಹೋಗುವುದು, ಅಜ್ಜಿಯ ಪಕ್ಕ ಕೂತು ಸೊಪ್ಪು ಬಿಡಿಸುವುದು ಎಲ್ಲವೂ ತರಗತಿಯೇ.

ಗ್ರಾಮ ಪಂಚಾಯಿತಿಗಳು ಸ್ವಂತ ಸಂಪನ್ಮೂಲದ ಶೇ 5ರಷ್ಟನ್ನು ಅಂಗವಿಕಲರಿಗೆ ಮೀಸಲಿಡಬೇಕು. ಅದು ವರ್ಷಕ್ಕೊಮ್ಮೆ ಸಲಕರಣೆ ಹಂಚಿ, ಫೋಟೋ ತೆಗೆಸಿ ಮುಗಿಯಬಾರದು. ಅದರಲ್ಲೊಂದು ಪಾಲು ತಾಯಂದಿರ ತರಬೇತಿಗೆ, ಶಾಲೆಯಲ್ಲಿ ಈ ಮಕ್ಕಳು ಬಳಸಬಲ್ಲ ಶೌಚಾಲಯಕ್ಕೆ ಹೋಗಲಿ. ಮುಂದಿನ ಗ್ರಾಮಸಭೆಯಲ್ಲಿ ಈ ಮಕ್ಕಳ ತಂದೆತಾಯಿ ಎದ್ದು ಇದನ್ನು ಕೇಳಬೇಕು. ನೆರೆಹೊರೆಯವರು ಅವರ ಜೊತೆ ನಿಲ್ಲಬೇಕು.